ಮಕ್ಕಳ ಕೈಗೆ ಮಣ್ಣು ಕೊಡಲಿ ವಸ್ತುಸಂಗ್ರಹಾಲಯ

ಹಾಸನ ಜಿಲ್ಲೆಯ ಇತಿಹಾಸ ಎಂದ ಕೂಡಲೇ ಎಲ್ಲರ ನೆನಪಿಗೆ ಬರುವುದು ಕಲ್ಲು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟ. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಈ ಅಭಿಮಾನ ಸಹಜವಾದದ್ದೇ. ಆದರೆ ಆ ಕಲ್ಲು ಹೊತ್ತವರ ಅನ್ನ ಬೇಯಲು, ನೀರು ತಣ್ಣಗಿರಲು, ದೀಪ ಉರಿಯಲು ಮಣ್ಣೇ ಬೇಕಿತ್ತು. ಬೇಲೂರಿನ ಶಿಲ್ಪಿಗಳಲ್ಲಿ ಹಲವರು ವಿಗ್ರಹದ ಪೀಠದ ಮೇಲೆ ತಮ್ಮ ಹೆಸರು ಕೆತ್ತಿ ಹೋದರು; ಮಡಕೆ ಮಾಡಿದವರ ಹೆಸರು ಎಲ್ಲೂ ಉಳಿಯಲಿಲ್ಲ. ಹಾಸನದ ಮಹಾರಾಜ ಪಾರ್ಕ್‌ನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಕೂರಿಸಿಕೊಂಡು ಕುಂಬಾರಿಕೆಯ ಕಮ್ಮಟಗಳನ್ನು ನಿಯಮಿತವಾಗಿ ನಡೆಸಬೇಕು ಎನ್ನುವುದು ಈ ಲೇಖನದ ವಾದ. ಇದನ್ನು ರಜೆಯ ಮನರಂಜನೆ ಎಂದು ಬದಿಗೆ ಸರಿಸುವಂತಿಲ್ಲ. ಸಂಗ್ರಹಾಲಯದ ಮೂಲ ಕೆಲಸಗಳಲ್ಲೇ ಇದೂ ಒಂದು.

ಕಾರಣ ಸರಳ. ಬರವಣಿಗೆ ಇಲ್ಲದ ಕಾಲದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲನ್ನು ಹೇಳಿದ್ದು ಒಡೆದ ಮಡಕೆಗಳು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ, ನಯಗೊಳಿಸಿದ ಕಲ್ಲುಗೊಡಲಿಯ ಜನರಿಂದ ಬೃಹತ್ ಶಿಲಾಗೋರಿಗಳ ಜನರವರೆಗೆ, ಅಲ್ಲಿಂದ ಮುಂದಿನ ಚಾರಿತ್ರಿಕ ಕಾಲದವರೆಗೆ ಒಂದರ ಮೇಲೊಂದು ಕೂತ ಪದರಗಳನ್ನು ಬೇರ್ಪಡಿಸಲು ನೆರವಾದದ್ದು ಬೋಕಿಬಿಲ್ಲೆಗಳೇ. ಶಿಲಾಗೋರಿಗಳಲ್ಲಿ ಸಿಗುವ ಮಡಕೆಗಳ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಮಗುವಿಗೆ ಇದು ಎರಡು ಬಣ್ಣದ ಹಳೆಯ ಪಾತ್ರೆ, ಅಷ್ಟೆ. ಬೆಂಕಿಯಲ್ಲಿ ಗಾಳಿ ಸಿಕ್ಕ ಭಾಗದ ಮಣ್ಣಿನ ಕಬ್ಬಿಣಾಂಶ ಕೆಂಪಾಗುತ್ತದೆ, ಗಾಳಿ ಸಿಗದೆ ಹೊಗೆಯುಂಡ ಭಾಗ ಕಪ್ಪಾಗುತ್ತದೆ. ತಾನೇ ಮಾಡಿದ ಕುಡಿಕೆಯನ್ನು ಹೊಟ್ಟಿನಲ್ಲಿ ಬೋರಲು ಹಾಕಿ ಸುಟ್ಟು ನೋಡಿದ ಮಗುವಿಗೆ ಆ ಪಾತ್ರೆಯ ಹಿಂದಿನ ಬುದ್ಧಿವಂತಿಕೆ ಅರ್ಥವಾಗುತ್ತದೆ. ಫಲಕದಲ್ಲಿ ಎಷ್ಟು ಬರೆದರೂ ಆಗದ ಕೆಲಸ ಅದು.

ಒಂದು ಮಧ್ಯಾಹ್ನ ಮಣ್ಣಾಡಿದರೆ ಕಸುಬು ಬಂದೀತೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ, ನಿಜ. ಕೆರೆಯ ಮಣ್ಣನ್ನು ಸೋಸಿ, ಮರಳು ಬೆರೆಸಿ, ತುಳಿದು ಹದ ಮಾಡಬೇಕು. ತಿಗರಿಯ ಮೇಲೆ ಎತ್ತಬೇಕು. ಒಳಗೆ ಗುಂಡುಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಳ ಕೂಡಿಸಬೇಕು. ನೆರಳಲ್ಲಿ ದಿನಗಟ್ಟಲೆ ಒಣಗಿಸಬೇಕು. ತೇವ ಉಳಿದರೆ ಆವಿಗೆಯಲ್ಲಿ ಅದು ಆವಿಯಾಗಿ ಮಡಕೆ ಸಿಡಿಯುತ್ತದೆ. ಹೀಗಾಗಿಯೇ ಕಮ್ಮಟ ಒಂದು ದಿನಕ್ಕೆ ಮುಗಿಯಬಾರದು. ಒಂದು ಭಾನುವಾರ ಮಾಡುವುದು, ಒಣಗಿದ ಮೇಲೆ ಇನ್ನೊಂದು ಭಾನುವಾರ ಸುಡುವುದು ಎಂದಾದರೆ ಕಾಯುವುದೂ ಪಾಠವಾಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಮೊದಲರ್ಧ ಮಕ್ಕಳಿಗೆ ತಿಳಿಯುವುದು ಹಾಗೆಯೇ. ಹೆತ್ತವರು ಜೊತೆಗಿರಬೇಕು ಎನ್ನುವುದಕ್ಕೂ ಕಾರಣವಿದೆ. ಸ್ಟೀಲು, ಪ್ಲಾಸ್ಟಿಕ್ಕಿನ ನಡುವೆ ಬೆಳೆದ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರಿಗೂ ತಿಗರಿ ಹೊಸದೇ. ಅಜ್ಜಿಯರಿಗೆ ಮಾತ್ರ ಹರವಿ, ಗುಡಾಣ, ಬಾನಿಗಳ ಬಳಕೆ ಗೊತ್ತು. ಮೂರು ತಲೆಮಾರು ಒಟ್ಟಿಗೆ ಕೂತರೆ ಆ ತಿಳಿವಳಿಕೆ ಕೈ ದಾಟುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಜಾತಿಯದು. ಬೆನ್ನು ಬಗ್ಗಿಸಿ ದುಡಿದರೂ ಹೊಟ್ಟೆ ತುಂಬದ ಕುಲಕಸುಬನ್ನು ಬಿಟ್ಟು ಕುಂಬಾರರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗುತ್ತಿರುವಾಗ, ಅದನ್ನೇ ಪಟ್ಟಣದ ಮಕ್ಕಳಿಗೆ ಆಟವಾಗಿ ಕೊಡುವುದು ಸರಿಯೇ? ಕುಂಬಾರರನ್ನು ಪ್ರದರ್ಶನದ ಗೊಂಬೆಯಂತೆ ಕೂರಿಸಿದರೆ ಖಂಡಿತ ತಪ್ಪು. ಉತ್ತರ ಅವರ ಸ್ಥಾನದಲ್ಲಿದೆ. ಅವರನ್ನು ಗುರುಗಳೆಂದು ಕರೆಯಬೇಕು, ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಬೇಕು. ಬಹುತೇಕ ಕಡೆ ತಿಗರಿ ಗಂಡಸರದು. ಮಣ್ಣು ಹದ ಮಾಡುವುದರಲ್ಲಿ, ಬಣ್ಣ ಬಳಿಯುವುದರಲ್ಲಿ ಹೆಂಗಸರ ದುಡಿಮೆ ದೊಡ್ಡದು. ಕಮ್ಮಟದಲ್ಲಿ ಅವರೂ ಕಲಿಸಬೇಕು, ಹೆಣ್ಣುಮಕ್ಕಳೂ ತಿಗರಿಗೆ ಕೂರಬೇಕು. ಎಲ್ಲ ಜಾತಿಯ ಮಕ್ಕಳು ಒಂದೇ ಮಣ್ಣು ತುಳಿದಾಗ ಕಸುಬು ಜಾತಿಯ ಗುರುತಾಗಿ ಉಳಿಯುವುದಿಲ್ಲ, ವಿದ್ಯೆಯಾಗುತ್ತದೆ. ಕೈಕಸುಬಿನ ಮೂಲಕವೇ ಕಲಿಕೆ ಎಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್‌ನ ತಿರುಳೂ ಅದೇ. ಕುಂಬಾರರಂಥ ಸ್ಥಳೀಯ ಕುಶಲಕರ್ಮಿಗಳ ಬಳಿ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆ ನೀತಿಯ ಉಳಿದ ಅಂಶಗಳ ಬಗ್ಗೆ ಭಿನ್ನಾಭಿಪ್ರಾಯ ಇರುವವರೂ ಈ ಮಾತನ್ನು ಒಪ್ಪಬಹುದು.

ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ. ಬೇಕಾದದ್ದು ಮಣ್ಣು, ನೀರು, ಕೆಲವು ತಿಗರಿ, ಶಿಲ್ಪಗಳಿಂದ ದೂರದಲ್ಲಿ ಒಂದಿಷ್ಟು ನೆರಳು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡವಿದೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದಡವಿದೆ, ಚನ್ನರಾಯಪಟ್ಟಣದ ಸುತ್ತ ಕೆರೆಗಳ ಗೋಡಿದೆ. ಮೂರೂ ಕಡೆಯ ಮಣ್ಣು ತಂದು, ಯಾವುದು ಹೆಚ್ಚು ಕುಗ್ಗುತ್ತದೆ, ಯಾವುದು ಬಿರಿಯುತ್ತದೆ, ಯಾವುದಕ್ಕೆ ಎಂಥ ಬಣ್ಣ ಬರುತ್ತದೆ ಎಂದು ಮಕ್ಕಳೇ ಬರೆದಿಡಲಿ. ವಿಜ್ಞಾನ, ಭೂಗೋಳ, ಇತಿಹಾಸ ಒಂದೇ ಕಡೆ ಸಿಗುತ್ತವೆ. ಪುರಾತತ್ವ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ ಹಾಸನದಲ್ಲಿ ಇದನ್ನು ಆರಂಭಿಸಿ, ಮೂರೂ ತಾಲ್ಲೂಕು ಕೇಂದ್ರಗಳಿಗೆ ಒಯ್ಯಬೇಕು. ತಿಗರಿಯ ಮುಂದೆ ಕೂತು ಕಲಿಸಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.