ರಾಯಭಾರ ಕಚೇರಿ ಇಲ್ಲದವರ ರಾಯಭಾರಿ

ಮೈಸೂರಿನಿಂದ ಮಡಿಕೇರಿ ಕಡೆಗೆ ಹೊರಟರೆ ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಇನ್ನೇನು ಕಾವೇರಿ ಸೇತುವೆ ಬಂತು, ಕುಶಾಲನಗರ ಸಿಕ್ಕಿತು ಅನ್ನುವಷ್ಟರಲ್ಲಿ ಬೈಲಕುಪ್ಪೆ. ಹೆದ್ದಾರಿಯಲ್ಲಿ ಬರುವ ಬಹುತೇಕರಿಗೆ ಈ ಊರೆಂದರೆ ಚಿನ್ನದ ದೇಗುಲ. ನಾಮ್‌ಡ್ರೋಲಿಂಗ್ ಮಠದ ಎತ್ತರದ ಬುದ್ಧ ವಿಗ್ರಹಗಳ ಮುಂದೆ ನಿಂತು ಕೈಮುಗಿದು, ಹೊರಗೆ ಬಂದು ಒಂದು ತಟ್ಟೆ ಮೊಮೊ ತಿಂದು, ದುಬಾರೆಗೋ ತಲಕಾವೇರಿಗೋ ಗಾಡಿ ತಿರುಗಿಸುತ್ತಾರೆ. ಟಿಬೆಟಿಯನ್ ನಿರಾಶ್ರಿತರ ಕ್ಯಾಂಪುಗಳ ಮಕ್ಕಳಿಗಾಗಿಯೇ ಕಟ್ಟಿದ ಶಾಲೆಯೊಂದು ಇಲ್ಲಿದೆ ಎಂಬುದು ಪ್ರವಾಸಿಗರ ಪಟ್ಟಿಯಲ್ಲಿ ಇರುವುದಿಲ್ಲ. ಸೆಂಟ್ರಲ್ ಸ್ಕೂಲ್ ಫಾರ್ ಟಿಬೆಟನ್ಸ್ ಎಂಬ ಹೆಸರಿನಿಂದ ಪರಿಚಿತವಾದ ಶಾಲೆ ಅದು. ಆ ಶಾಲೆಯಲ್ಲಿ ಓದಿದ ವಿದ್ಯಾರ್ಥಿಯೊಬ್ಬರು ಮುಂದೆ ವಾಷಿಂಗ್ಟನ್ನಿನಲ್ಲಿ ದಲೈ ಲಾಮಾ ಅವರ ಪ್ರತಿನಿಧಿಯಾದರು. ಆಮೇಲೆ ಜಗತ್ತಿನಾದ್ಯಂತ ಚದುರಿರುವ ಟಿಬೆಟಿಯನ್ನರು ಮತ ಹಾಕಿ ಆರಿಸಿದ ನಾಯಕರಾದರು. ಅವರು ಪೆನ್ಪಾ ತ್ಸೆರಿಂಗ್. ಹುಟ್ಟಿದ್ದು 1967ರಲ್ಲಿ, ಇದೇ ಬೈಲಕುಪ್ಪೆಯಲ್ಲಿ.

ನಮ್ಮ ಕಡೆ ಹಳೆಯ ವಿದ್ಯಾರ್ಥಿಯೊಬ್ಬ ದೊಡ್ಡ ಹುದ್ದೆಗೇರಿದರೆ ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಬರುತ್ತವೆ. ಕಲಿಸಿದ ಮೇಷ್ಟ್ರು ಬದುಕಿದ್ದರೆ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಬೈಲಕುಪ್ಪೆಯ ಪದ್ಧತಿಯಲ್ಲಿ ಗೌರವಕ್ಕೆ ಒಂದೇ ವಸ್ತು, ಖತಾ ಎಂಬ ಬಿಳಿಯ ರೇಷ್ಮೆ ವಸ್ತ್ರ. ಮದುವೆಗೂ ಅದೇ, ಬೀಳ್ಕೊಡುಗೆಗೂ ಅದೇ, ಗೆದ್ದು ಬಂದವನ ಕೊರಳಿಗೂ ಅದೇ. ಪೇಟವೋ ಖತಾವೋ, ಅದರ ಹಿಂದಿನ ಭಾವನೆ ಒಂದೇ: ಇವನು ನಮ್ಮ ಬೆಂಚಿನಲ್ಲಿ ಕೂತಿದ್ದವನು. ಆ ಮಾತನ್ನು ಹೇಳುವ ಹಕ್ಕು ಕ್ಯಾಂಪಿನವರಿಗೆ ಎಷ್ಟಿದೆಯೋ ಪಿರಿಯಾಪಟ್ಟಣ ತಾಲ್ಲೂಕಿನ ನಮಗೂ ಅಷ್ಟೇ ಇದೆ ಎಂಬುದು ನನ್ನ ನಂಬಿಕೆ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಬೆನ್ನಿಗೆ ಸುಮಾರು 80,000 ಜನ ಹಿಮಾಲಯ ದಾಟಿದರು. ಬಂದವರಲ್ಲಿ ಬಹಳಷ್ಟು ಮಂದಿ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಸೇರಿದರು. ಹೆಂಗಸರು ಹಸುಗೂಸುಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಜಲ್ಲಿ ಒಡೆದರು. ಇವರಿಗೆ ನೆಲೆ ಒದಗಿಸಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಮುಂದೆ ಬಂತು. ಬೈಲಕುಪ್ಪೆಯ ಕಾಡು ಭೂಮಿಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ತಲೆಗೆ ಒಂದು ಎಕರೆಯಂತೆ ಲೆಕ್ಕ ಹಾಕಿ ಜನರನ್ನು ನೆಲೆಗೊಳಿಸಿದರು. ಲುಗ್‌ಸುಂಗ್ ಸಾಮ್ಡುಪ್ಲಿಂಗ್ ಎಂಬ ಈ ಹಳೆಯ ಕ್ಯಾಂಪು ಭಾರತದಲ್ಲಿ ಟಿಬೆಟಿಯನ್ನರ ಮೊದಲ ಕೃಷಿ ವಸಾಹತು. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೋ ಬಂತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಾಬ್‌ಗ್ಯೇಲಿಂಗ್ ಆಯಿತು.

ಓದುವುದಕ್ಕೆ ಇದು ಸುಲಭ. ಬದುಕಿದವರಿಗೆ ಸುಲಭವಿರಲಿಲ್ಲ. ಹಿಮದ ನಾಡಿನ ಜನ, ಬಾರ್ಲಿ ಬೆಳೆದು ಯಾಕ್ ಸಾಕಿದವರು, ಇಲ್ಲಿನ ಬಿಸಿಲಿನಲ್ಲಿ ಮರ ಕಡಿದು, ಬೇರು ಕಿತ್ತು, ಪೊದೆ ಸುಟ್ಟು ಹೊಲ ಮಾಡಬೇಕಿತ್ತು. ಬಿದಿರು ತಟ್ಟಿಯ ಗುಡಿಸಲು, ಡೇರೆ, ರಾತ್ರಿಯಾದರೆ ಆನೆ ಕಾಟ. ಬಂದ ಹೊಸದರಲ್ಲಿ ಕಾಯಿಲೆಗಳಿಗೆ ಅನೇಕರು ಬಲಿಯಾದರು. ಮುಸುಕಿನ ಜೋಳ ಅವರ ಕೈ ಹಿಡಿಯಿತು. ಉಳುಮೆ, ಬಿತ್ತನೆ, ಮಳೆಯ ಲೆಕ್ಕ, ಎಲ್ಲದಕ್ಕೂ ಸುತ್ತಲಿನ ಹಳ್ಳಿಗಳ ನಮ್ಮ ರೈತರೇ ಆಸರೆ. 1968ರಲ್ಲಿ ಈ ಪುನರ್ವಸತಿ ಕೆಲಸಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. ಅದೇ ಮೈರಾಡ. ಇವತ್ತು ಸ್ವಸಹಾಯ ಸಂಘಗಳ ಮೂಲಕ ಕರ್ನಾಟಕದ ಹಳ್ಳಿಗಳಿಗೆ ಚಿರಪರಿಚಿತವಾದ ಆ ಸಂಸ್ಥೆ ಕೆಲಸ ಕಲಿತದ್ದು ಟಿಬೆಟಿಯನ್ ಕ್ಯಾಂಪುಗಳಲ್ಲಿ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಹೊಲ ಹಸನಾಗುವ ಮೊದಲೇ ಶಾಲೆಯ ಯೋಚನೆ ಶುರುವಾಗಿತ್ತು. ನಿರಾಶ್ರಿತ ಮಕ್ಕಳನ್ನು ಹತ್ತಿರದ ಶಾಲೆಗಳಿಗೆ ಸೇರಿಸಿಬಿಡಬಹುದಿತ್ತು, ಖರ್ಚೂ ಕಡಿಮೆಯಾಗುತ್ತಿತ್ತು. ಆದರೆ ಈ ಮಕ್ಕಳಿಗೆ ಪ್ರತ್ಯೇಕ ಶಾಲೆಗಳೇ ಬೇಕು, ಅವರು ತಮ್ಮ ಚರಿತ್ರೆ ಸಂಸ್ಕೃತಿಯನ್ನು ಕಲಿಯಬೇಕು, ಜೊತೆಗೆ ಹೊರಜಗತ್ತಿನ ವಿದ್ಯೆಯನ್ನೂ ಕಲಿಯಬೇಕು ಎಂಬ ಅಭಿಪ್ರಾಯಕ್ಕೆ ನೆಹರೂ ಮತ್ತು ದಲೈ ಲಾಮಾ ಇಬ್ಬರೂ ಬಂದರು. 1960ರಲ್ಲಿ ಮಸ್ಸೂರಿಯಲ್ಲಿ ಮೊದಲ ಶಾಲೆ ಆರಂಭವಾಯಿತು. 1961ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಟಿಬೆಟಿಯನ್ ಶಾಲೆಗಳಿಗಾಗಿ ಸ್ವಾಯತ್ತ ಸಂಸ್ಥೆ ಬಂತು. ಬೈಲಕುಪ್ಪೆಯ ಶಾಲೆ ಆ ಸಂಸ್ಥೆಯ ಆಡಳಿತಕ್ಕೆ ಸೇರಿತ್ತು. ತಾನೇ ಆಗಷ್ಟೇ ಸ್ವತಂತ್ರವಾಗಿ, ತನ್ನ ಮಕ್ಕಳಿಗೇ ಸಾಕಷ್ಟು ಶಾಲೆಗಳಿಲ್ಲದ ದೇಶವೊಂದು ಪರರ ಮಕ್ಕಳಿಗೆ ಅವರದೇ ಭಾಷೆ ಉಳಿಸಿಕೊಡಲು ಬೊಕ್ಕಸದಿಂದ ಹಣ ಕೊಟ್ಟಿತು. ಗಣರಾಜ್ಯದ ಮೊದಲ ದಶಕಗಳಲ್ಲಿ ನಾವು ಹೆಮ್ಮೆಪಡಬೇಕಾದ ನಿರ್ಧಾರಗಳಲ್ಲಿ ಇದನ್ನು ಬಹಳ ಮೇಲೆ ಇಡುತ್ತೇನೆ.

ಆ ಶಾಲೆಯ ಮಗುವಿನ ದಿನಚರಿಯನ್ನು ಯೋಚಿಸಿ ನೋಡಿ. ಬೆಳಿಗ್ಗೆ ಟಿಬೆಟಿಯನ್ ಪ್ರಾರ್ಥನೆ. ತರಗತಿಯಲ್ಲಿ ಟಿಬೆಟಿಯನ್ ಲಿಪಿ, ಹಿಂದಿ, ಇಂಗ್ಲಿಷ್. ಸಿಬಿಎಸ್‌ಇ ಪಠ್ಯದಲ್ಲಿ ಪ್ಲಾಸಿ ಕದನ, ಉಪ್ಪಿನ ಸತ್ಯಾಗ್ರಹ. ಮನೆಯಲ್ಲಿ ಅಜ್ಜಿಯ ಬಾಯಿಂದ ತಾನು ಎಂದೂ ನೋಡದ ಊರಿನ ಕತೆ. ಸಂತೆಗೆ ಹೋದರೆ ಕನ್ನಡ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ದಾಟಿಸುವುದು ರಾಜತಾಂತ್ರಿಕನ ಮೊದಲ ಪಾಠವಾದರೆ, ಈ ಮಗು ಅದನ್ನು ಯಾವ ಅಕಾಡೆಮಿಗೂ ಹೋಗದೆ, ಹಾಲಿನ ಡೇರಿಗೆ ಹೋಗಿ ಬರುವಾಗಲೇ ಕಲಿಯುತ್ತದೆ.

ಪೆನ್ಪಾ ತ್ಸೆರಿಂಗ್ ಇಲ್ಲಿಯೇ ಹನ್ನೆರಡನೆಯ ತರಗತಿವರೆಗೆ ಓದಿ, ಶಾಲೆಗೆ ಮೊದಲಿಗರಾಗಿ ತೇರ್ಗಡೆಯಾದರು. ಅಲ್ಲಿಂದ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಹೋಗಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ವಿದ್ಯಾರ್ಥಿ ದೆಸೆಯಲ್ಲೇ ಸಂಘಟನೆಯ ಗೀಳು ಹತ್ತಿತ್ತು. ಓದು ಮುಗಿದ ಮೇಲೆ ಕೆಲವು ಕಾಲ ವ್ಯಾಪಾರ, ಹೋಟೆಲು ಎಂದು ಖಾಸಗಿ ಉದ್ಯೋಗ ಮಾಡಿದರು. 1996ರಲ್ಲಿ ಟಿಬೆಟಿಯನ್ನರ ದೇಶಾಂತರ ಸಂಸತ್ತಿಗೆ ಆಯ್ಕೆಯಾದರು. 2001ರಿಂದ 2008ರವರೆಗೆ ದೆಹಲಿಯಲ್ಲಿ ಟಿಬೆಟಿಯನ್ ಸಂಸದೀಯ ಮತ್ತು ನೀತಿ ಸಂಶೋಧನಾ ಕೇಂದ್ರವನ್ನು ನಡೆಸಿದರು. 2008ರಿಂದ 2016ರವರೆಗೆ ಧರ್ಮಶಾಲೆಯ ಆ ಸಂಸತ್ತಿಗೆ ಸಭಾಧ್ಯಕ್ಷರಾಗಿದ್ದರು. 2016ರಲ್ಲಿ ಸಿಕ್ಯೊಂಗ್, ಅಂದರೆ ಟಿಬೆಟಿಯನ್ ಆಡಳಿತದ ಮುಖ್ಯಸ್ಥನ ಸ್ಥಾನಕ್ಕೆ ನಿಂತು ಸೋತರು. ಅದೇ ವರ್ಷ ವಾಷಿಂಗ್ಟನ್ನಿನ ಹುದ್ದೆ ಬಂತು.

ಆ ಹುದ್ದೆ ಎಂಥದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾವೇರಿಯ ಆಚೆ ದಡದ ಕೊಡಗು ಕೂಡ ಜಗತ್ತಿಗೆ ಒಬ್ಬ ರಾಜತಾಂತ್ರಿಕರನ್ನು ಕೊಟ್ಟಿದೆ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಬಡ್ತಿಯಲ್ಲಿ ಆದ ತಾರತಮ್ಯದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ, 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿಂದ ಸರ್ಕಾರಕ್ಕೆ ಛೀಮಾರಿ ಹಾಕಿಸಿದ ಧೀರೆ. ಆದರೆ ಮುತ್ತಮ್ಮನವರು ಹಂಗೆರಿಗೋ ಘಾನಾಕ್ಕೋ ರಾಯಭಾರಿಯಾಗಿ ಹೋದಾಗ ಅವರ ಹಿಂದೆ ಒಂದು ದೇಶವಿತ್ತು, ತಲೆಯ ಮೇಲೆ ಧ್ವಜವಿತ್ತು. ಟಿಬೆಟಿಯನ್ ಪ್ರತಿನಿಧಿಗೆ ಅದಾವುದೂ ಇಲ್ಲ. ಧರ್ಮಶಾಲೆಯ ಕೇಂದ್ರ ಟಿಬೆಟಿಯನ್ ಆಡಳಿತವನ್ನು ಭಾರತವೂ ಸೇರಿದಂತೆ ಯಾವ ದೇಶವೂ ಸರ್ಕಾರ ಎಂದು ಮಾನ್ಯ ಮಾಡಿಲ್ಲ. ದೆಹಲಿ, ವಾಷಿಂಗ್ಟನ್, ಜಿನೀವಾ, ಬ್ರಸೆಲ್ಸ್, ಟೋಕಿಯೊ, ಲಂಡನ್ ಮುಂತಾದೆಡೆ ಅದರ ಕಚೇರಿಗಳಿವೆ. ಅವು ರಾಯಭಾರ ಕಚೇರಿಗಳಲ್ಲ. ವಿದೇಶಾಂಗ ಸಚಿವರು ಅಧಿಕೃತವಾಗಿ ಕರೆಯುವುದಿಲ್ಲ, ಔತಣಕೂಟದ ಶಿಷ್ಟಾಚಾರದ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಸಂಸದರೊಬ್ಬರ ಕಚೇರಿಯ ಬಾಗಿಲು ತಟ್ಟಬೇಕು, ಅವರ ಸಹಾಯಕರಿಗೆ ವಿಷಯ ಮನದಟ್ಟು ಮಾಡಬೇಕು, ಒಂದು ನಿರ್ಣಯದ ಕರಡಿನಲ್ಲಿ ಒಂದು ವಾಕ್ಯ ಉಳಿಯುವ ಹಾಗೆ ತಿಂಗಳುಗಟ್ಟಲೆ ಬೆನ್ನು ಹತ್ತಬೇಕು. ಕೊಡುವುದಕ್ಕೆ ವ್ಯಾಪಾರ ಒಪ್ಪಂದವಿಲ್ಲ, ಹೆದರಿಸುವುದಕ್ಕೆ ಸೈನ್ಯವಿಲ್ಲ. ಮಾತೊಂದೇ ಬಂಡವಾಳ.

2017ರ ನವೆಂಬರಿನಲ್ಲಿ ಧರ್ಮಶಾಲೆಯ ಆಡಳಿತ ಪೆನ್ಪಾ ತ್ಸೆರಿಂಗ್ ಅವರನ್ನು ಆ ಹುದ್ದೆಯಿಂದ ತೆಗೆಯಿತು. ಅವರು ಟಿಬೆಟಿಯನ್ನರ ಸರ್ವೋಚ್ಚ ನ್ಯಾಯ ಆಯೋಗದ ಮೊರೆ ಹೋದರು. 2019ರಲ್ಲಿ ತೀರ್ಪು ಅವರ ಪರವಾಗಿ ಬಂತು. ದೇಶಾಂತರದಲ್ಲಿ ಬದುಕುವ ಪುಟ್ಟ ಸಮುದಾಯವೊಂದು ತನ್ನದೇ ಆಡಳಿತವನ್ನು ತನ್ನದೇ ನ್ಯಾಯಪೀಠದ ಮುಂದೆ ನಿಲ್ಲಿಸಿ ಪ್ರಶ್ನಿಸಬಲ್ಲದು ಎಂಬುದು ನನಗೆ ಆ ತೀರ್ಪಿಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

2021ರಲ್ಲಿ ಮತ್ತೆ ಚುನಾವಣೆ. ಜನವರಿಯಲ್ಲಿ ಪ್ರಾಥಮಿಕ ಸುತ್ತು, ಏಪ್ರಿಲ್‌ನಲ್ಲಿ ಅಂತಿಮ ಸುತ್ತು, ನಡುವೆ ಕೋವಿಡ್. ಟಿಬೆಟಿಯನ್ ಆಡಳಿತಕ್ಕೆ ಸ್ವಯಂಪ್ರೇರಣೆಯಿಂದ ವಾರ್ಷಿಕ ಕಾಣಿಕೆ ಕೊಡುವವರ ಬಳಿ ಹಸಿರು ಪುಸ್ತಕ ಎಂಬ ದಾಖಲೆ ಇರುತ್ತದೆ, ಮತದಾರನ ಗುರುತು ಅದೇ. ಬೈಲಕುಪ್ಪೆಯಲ್ಲಿ, ಗುರುಪುರದಲ್ಲಿ, ಮುಂಡಗೋಡಿನಲ್ಲಿ, ನ್ಯೂಯಾರ್ಕಿನಲ್ಲಿ, ಜ್ಯೂರಿಕ್‌ನಲ್ಲಿ ಆ ಪುಸ್ತಕ ಹಿಡಿದು ಜನ ಸಾಲು ನಿಂತರು. ಪೆನ್ಪಾ ತ್ಸೆರಿಂಗ್ ಅವರಿಗೆ 34,324 ಮತಗಳು ಬಂದವು. ಪ್ರತಿಸ್ಪರ್ಧಿ ಕೆಲ್ಸಾಂಗ್ ದೋರ್ಜಿ ಔಕಾತ್ಸಾಂಗ್ ಅವರಿಗಿಂತ 5,417 ಹೆಚ್ಚು. ಮೇ 27ರಂದು ಧರ್ಮಶಾಲೆಯಲ್ಲಿ ಪ್ರಮಾಣವಚನ. ನಮ್ಮ ಜಿಲ್ಲೆಯಲ್ಲಿ ಒಂದು ವಿಧಾನಸಭಾ ಕ್ಷೇತ್ರದ ಚುನಾವಣೆಗೂ ಇದಕ್ಕಿಂತ ಹೆಚ್ಚು ಮತ ಬೀಳುತ್ತವೆ. ಆದರೆ ಖಂಡ ಖಂಡಗಳಲ್ಲಿ ಹಂಚಿಹೋದ ಜನ ಒಂದೇ ದಿನ ಒಂದೇ ಮತಪತ್ರದ ಮುಂದೆ ನಿಲ್ಲುವ ಚುನಾವಣೆ ಇದು.

ಅಧಿಕಾರಕ್ಕೆ ಬಂದ ಮೇಲೆ ವಾಷಿಂಗ್ಟನ್ನಿನ ಅನುಭವ ನೆರವಿಗೆ ಬಂತು. 2022ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಟಿಬೆಟ್ ವಿಷಯದ ವಿಶೇಷ ಸಮನ್ವಯಾಧಿಕಾರಿ ಉಜ್ರಾ ಜೆಯಾ ಅವರನ್ನು ಕಂಡರು. ಮರುತಿಂಗಳೇ ಜೆಯಾ ಧರ್ಮಶಾಲೆಗೆ ಬಂದರು. 2024ರ ಜೂನ್‌ನಲ್ಲಿ ಮೈಕೆಲ್ ಮೆಕಾಲ್, ನ್ಯಾನ್ಸಿ ಪೆಲೋಸಿ ಸೇರಿದಂತೆ ಅಮೆರಿಕದ ಸಂಸದರ ನಿಯೋಗ ಅಲ್ಲಿಗೆ ಬಂತು. ಜುಲೈ 12ರಂದು ಅಧ್ಯಕ್ಷ ಬೈಡನ್ ಟಿಬೆಟ್-ಚೀನಾ ವಿವಾದ ಇತ್ಯರ್ಥವನ್ನು ಉತ್ತೇಜಿಸುವ ಕಾಯ್ದೆಗೆ ಸಹಿ ಹಾಕಿದರು. ಚೀನಾ ಇದನ್ನೆಲ್ಲ ತನ್ನ ಆಂತರಿಕ ವಿಷಯದಲ್ಲಿನ ಹಸ್ತಕ್ಷೇಪ ಎನ್ನುತ್ತದೆ. ಧರ್ಮಶಾಲೆ ಪ್ರತಿಪಾದಿಸುವುದು ಪ್ರತ್ಯೇಕ ದೇಶವನ್ನಲ್ಲ, ಚೀನಾದೊಳಗೇ ನಿಜವಾದ ಸ್ವಾಯತ್ತತೆಯನ್ನು. ಇದಕ್ಕೆ ಅವರು ಮಧ್ಯಮ ಮಾರ್ಗ ಎನ್ನುತ್ತಾರೆ. 2002ರಿಂದ 2010ರವರೆಗೆ ಒಂಬತ್ತು ಸುತ್ತು ಅಧಿಕೃತ ಮಾತುಕತೆ ನಡೆದು ನಿಂತುಹೋಯಿತು. ತೆರೆಮರೆಯ ಸಂಪರ್ಕ ಇದೆ ಎಂದು 2024ರಲ್ಲಿ ಪೆನ್ಪಾ ತ್ಸೆರಿಂಗ್ ಅವರೇ ಬಹಿರಂಗವಾಗಿ ಹೇಳಿದರು. ತಕ್ಷಣಕ್ಕೆ ಹೆಚ್ಚಿನ ಫಲ ನಿರೀಕ್ಷಿಸಬೇಡಿ ಎಂಬ ಎಚ್ಚರವೂ ಅವರ ಮಾತಿನಲ್ಲಿತ್ತು.

ಬೈಲಕುಪ್ಪೆಯ ಮಣ್ಣು ಇಲ್ಲಿನ ಟಿಬೆಟಿಯನ್ನರಿಗೆ ಗುತ್ತಿಗೆಯ ಮಣ್ಣು. ಮೂರು ತಲೆಮಾರು ಉತ್ತರೂ ಪಹಣಿಯಲ್ಲಿ ಹೆಸರಿಲ್ಲ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದವು. ಆದರೂ ಅನೇಕರು ನಿರಾಶ್ರಿತರ ನೋಂದಣಿ ಪತ್ರವನ್ನೇ ಇಟ್ಟುಕೊಂಡಿದ್ದಾರೆ. ಚಳಿಗಾಲ ಬಂತೆಂದರೆ ಕ್ಯಾಂಪಿನ ಕುಟುಂಬಗಳು ಸ್ವೆಟರ್ ಗಂಟು ಕಟ್ಟಿಕೊಂಡು ದೂರದ ನಗರಗಳ ಫುಟ್‌ಪಾತಿಗೆ ಹೋಗುತ್ತವೆ. ಆ ದುಡ್ಡಿನಲ್ಲಿ ಮಕ್ಕಳ ಕಾಲೇಜು ಫೀಜು ಹುಟ್ಟುತ್ತದೆ.

ಈಗ ಶಾಲೆಗೆ ಬೇರೆ ಚಿಂತೆ. ಕೇಂದ್ರದ ಅಧೀನದಲ್ಲಿದ್ದ ಟಿಬೆಟಿಯನ್ ಶಾಲೆಗಳನ್ನು ಹಂತ ಹಂತವಾಗಿ ಧರ್ಮಶಾಲೆಯ ಶಿಕ್ಷಣ ಇಲಾಖೆಗೆ ಒಪ್ಪಿಸುವ ತೀರ್ಮಾನ 2013ರಲ್ಲಿ ಆಯಿತು. ಆದರೆ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಓದಿದ ಯುವಕರು ಅಮೆರಿಕ, ಕೆನಡಾ, ಯುರೋಪಿಗೆ ಹೊರಟಿದ್ದಾರೆ. ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿದೆ. 2008ರ ನಂತರ ಗಡಿ ದಾಟಿ ಟಿಬೆಟ್‌ನಿಂದ ಬರುವವರು ಬಹುತೇಕ ನಿಂತೇ ಹೋಗಿದ್ದಾರೆ. ಮುದುಕರು ಮಣಿಸರ ತಿರುಗಿಸುತ್ತಾ ಮಠದ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ, ಹೊಲವನ್ನು ವಾರಕ್ಕೆ ಕೊಟ್ಟಿರುತ್ತಾರೆ.

ಹಾಗಾಗಿ ಒಂದು ಬೇಡಿಕೆ ಇಡುತ್ತೇನೆ. ಪಿರಿಯಾಪಟ್ಟಣದಲ್ಲಿ ಪ್ರತಿ ನವೆಂಬರ್ 1ರಂದು ತಾಲ್ಲೂಕಿನ ಸಾಧಕರನ್ನು ಸನ್ಮಾನಿಸುತ್ತೇವೆ. ಹುಣಸೂರಿನವರು ಕಲ್ಲಹಳ್ಳಿಯ ದೇವರಾಜ ಅರಸರ ಹೆಸರನ್ನು ಎದೆಯುಬ್ಬಿಸಿ ಹೇಳುತ್ತಾರೆ. ಬೈಲಕುಪ್ಪೆ ಶಾಲೆಯ ಹಳೆಯ ವಿದ್ಯಾರ್ಥಿಗಳ ಹೆಸರುಗಳೂ ಆ ಪಟ್ಟಿಗೆ ಬರಲಿ, ಆ ಶಾಲೆಯಲ್ಲಿ ಕಲಿಸಿದ ಕನ್ನಡದ ಮೇಷ್ಟ್ರು ಮೇಡಮ್ಮುಗಳ ಹೆಸರೂ ಬರಲಿ. ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ಚಿನ್ನದ ದೇಗುಲಕ್ಕೆ ಪ್ರವಾಸ ಕರೆದುಕೊಂಡು ಹೋಗುವ ಶಿಕ್ಷಕರು ಅರ್ಧ ಗಂಟೆ ಈ ಶಾಲೆಯಲ್ಲೂ ನಿಲ್ಲಲಿ. ಎರಡೂ ಕಡೆಯ ಮಕ್ಕಳು ಒಂದು ಆಟ ಆಡಲಿ. ಹತ್ತನೆಯ ತರಗತಿಯ ಬೆಂಚಿನಲ್ಲಿ ಮುಂದಿನ ಪ್ರತಿನಿಧಿ ಈಗಲೇ ಕೂತಿರಬಹುದು. ಅವನಿಗೋ ಅವಳಿಗೋ ಪಿರಿಯಾಪಟ್ಟಣದಲ್ಲಿ ಒಬ್ಬ ಗೆಳೆಯನಿರಲಿ.