ಗೋಡೆ ಒಡೆಯುವ ಮುನ್ನ

ನಾವು ವಾಸಿಸುವ ಮನೆ ಸುಮ್ಮನೆ ನಿಂತಿರುವ ವಸ್ತುವೆಂದು ನಮ್ಮೆಲ್ಲರ ಭಾವನೆ. ಮೇಲೆ ತಾರಸಿ, ಸುತ್ತ ಗೋಡೆ, ಕೆಳಗೆ ನೆಲ. ಅಷ್ಟರಿಂದ ನಮಗೆ ತೃಪ್ತಿ. ಆದರೆ ಭೌತವಿಜ್ಞಾನದ ಕಣ್ಣಿನಿಂದ ನೋಡಿದರೆ ಮನೆಯ ಯಾವ ಭಾಗಕ್ಕೂ ವಿಶ್ರಾಂತಿಯೆಂಬುದಿಲ್ಲ. ತಾರಸಿ ತೊಲೆಯನ್ನು ಒತ್ತುತ್ತಿದೆ. ತೊಲೆ ಗೋಡೆಯನ್ನೋ ಕಂಬವನ್ನೋ ಒತ್ತುತ್ತಿದೆ. ಗೋಡೆ ಅಸ್ತಿಭಾರವನ್ನೂ ಅಸ್ತಿಭಾರ ಭೂಮಿಯನ್ನೂ ಒತ್ತುತ್ತಿವೆ. ಭೂಮಿಯು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿರುವವರೆಗೆ ಮನೆ ಸ್ಥಿರವಾಗಿರುತ್ತದೆ. ಹಗಲಿರುಳೂ ನಡೆಯುವ ಈ ಕೆಲಸ ಕಣ್ಣಿಗೆ ಕಾಣುವುದಿಲ್ಲವಾದುದರಿಂದ, ಗೋಡೆಯನ್ನು ಒಡೆಯಲು ಸುತ್ತಿಗೆ ಎತ್ತುವವನಿಗೆ ಅದರ ನೆನಪೂ ಆಗುವುದಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಇಂದು ಇಂತಹ ಸುತ್ತಿಗೆಯ ಸದ್ದು ಕೇಳಿಸದ ಬೀದಿಯೇ ವಿರಳ. ಪೀಣ್ಯದ ಕಾರ್ಖಾನೆಗಳ ಸುತ್ತ 30 ಅಡಿಗೆ 40 ಅಡಿಯ ನಿವೇಶನದಲ್ಲಿ ಒಂದು ಅಂತಸ್ತಿನ ಮನೆ ಕಟ್ಟಿಕೊಂಡ ಸಂಸಾರ, ಬಾಡಿಗೆಯ ಆಸೆಯಿಂದ ಮೇಲೆ ಇನ್ನೊಂದು ಅಂತಸ್ತನ್ನು ಏರಿಸಬಯಸುತ್ತದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಅದರ ಸುತ್ತಣ ಹಳ್ಳಿಗಳ ಮನೆಗಳು ಈಗ ಉದ್ಯೋಗಸ್ಥರ ವಸತಿಗೃಹಗಳಾಗಿ ಮಾರ್ಪಡುತ್ತಿವೆ. 1882ರಲ್ಲಿ ಡಿ. ಎಸ್. ವೈಟ್ ಎಂಬವರ ಪ್ರಯತ್ನದಿಂದ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಹಳೆಯ ಹೆಂಚಿನ ಬಂಗಲೆಗಳೂ ಇವೆ, ಗಗನಚುಂಬಿ ವಸತಿ ಸಮುಚ್ಚಯಗಳೂ ಇವೆ. ಎಲ್ಲೆಡೆಯೂ ಮನೆಯವರ ಮುಂದಿರುವ ಪ್ರಶ್ನೆ ಒಂದೇ: ಈ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕು? ಇದು ಕೇವಲ ಹಣದ ಪ್ರಶ್ನೆಯೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ವಿಜ್ಞಾನವೂ ಬೇಕು.

ಭಾರದ ದಾರಿ

ಒಂದು ಸಣ್ಣ ಲೆಕ್ಕ ಮಾಡೋಣ. ಉಕ್ಕು ಸೇರಿದ ಕಾಂಕ್ರೀಟು ಘನ ಮೀಟರಿಗೆ ಸುಮಾರು 2500 ಕಿಲೋಗ್ರಾಂ ತೂಗುತ್ತದೆ. 12.5 ಸೆಂಟಿಮೀಟರು ದಪ್ಪದ ತಾರಸಿಯಾದರೆ ಒಂದು ಚದರ ಮೀಟರಿಗೆ ಸುಮಾರು 310 ಕಿಲೋಗ್ರಾಂ ಆಯಿತು. ನೆಲಹಾಸು, ಗಾರೆಗಳಿಗೆ 100 ಸೇರಿಸಿ. ವಾಸದ ಮನೆಯಲ್ಲಿ ಜನ, ಸಾಮಾನುಗಳ ಸಲುವಾಗಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಹಿಡಿಯಬೇಕೆಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಒಟ್ಟು 610. ಎಂದರೆ, 3 ಮೀಟರಿಗೆ 4 ಮೀಟರು ಅಳತೆಯ ಒಂದು ಕೋಣೆಯ ಮೇಲಣ ಭಾರ 7 ಟನ್ನಿಗೂ ಮಿಗಿಲು. ದೊಡ್ಡ ಆನೆಯೊಂದರ ತೂಕವೂ ಅಷ್ಟಿರುವುದಿಲ್ಲ.

ಇಡೀ ಅಂತಸ್ತಿನ ಮಾತೇನು? 80 ಚದರ ಮೀಟರಿನ ಮನೆಗೆ ತಾರಸಿಯ ಭಾರವೇ ಸುಮಾರು 49 ಟನ್. ಒಂಬತ್ತಂಗುಲದ ಇಟ್ಟಿಗೆ ಗೋಡೆ 40 ಮೀಟರು ಉದ್ದ, 3 ಮೀಟರು ಎತ್ತರ ಇದ್ದರೆ ಅದರ ತೂಕ ಸುಮಾರು 52 ಟನ್. ಎರಡೂ ಸೇರಿ 100 ಟನ್. ಒಂದೇ ಅಂತಸ್ತಿಗೆಂದು ತೋಡಿದ ಪಾಯದ ಮೇಲೆ ಎರಡನೆಯ ಅಂತಸ್ತನ್ನು ಏರಿಸಿದರೆ, ಪಾಯದ ಕೆಳಗಿನ ಮಣ್ಣು ಮೊದಲಿನ ಎರಡರಷ್ಟು ಭಾರವನ್ನು ಹೊರಬೇಕಾಗುತ್ತದೆ.

ಆ ಮಣ್ಣಾದರೂ ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಬೆಂಗಳೂರಿನ ಗಟ್ಟಿಯಾದ ಕೆಂಪು ಗರಸು ನೆಲ ಒಳ್ಳೆಯ ಆಧಾರ. ಆದರೆ ಇದು ಕೆರೆಗಳ ಸೀಮೆ. ಕೆರೆಯ ಅಂಗಳವನ್ನೂ ರಾಜಕಾಲುವೆಯ ಅಂಚನ್ನೂ ಹೊರಗಿನ ಮಣ್ಣಿನಿಂದ ತುಂಬಿ ಮಾಡಿದ ನಿವೇಶನಗಳಲ್ಲಿ ಮಣ್ಣು ಸಡಿಲ. ಅದು ಭಾರದಡಿಯಲ್ಲಿ ಕುಗ್ಗುತ್ತದೆ; ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಮೆ ಕುಗ್ಗುತ್ತದೆ. ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಯುವ ಬಿರುಕುಗಳು ಅನೇಕ ವೇಳೆ ಇದರ ಸೂಚನೆ. ಗಾರೆ ಸವರಿ ಬಣ್ಣ ಬಳಿದರೆ ಬಿರುಕು ಮುಚ್ಚೀತು, ಕುಸಿತ ನಿಲ್ಲದು.

ಯಾವ ಗೋಡೆಯನ್ನು ತೆಗೆಯಬಹುದು?

ಹಜಾರವನ್ನು ದೊಡ್ಡದು ಮಾಡಲು ನಡುವಣ ಗೋಡೆಯನ್ನು ತೆಗೆಸಬೇಕೆಂಬ ಆಸೆ ಸಾಮಾನ್ಯ. ಗೋಡೆಗಳಲ್ಲಿ ಎರಡು ಬಗೆ: ಮೇಲಣ ಭಾರವನ್ನು ಹೊರುವುದು ಒಂದು, ಕೋಣೆಗಳನ್ನು ಬೇರ್ಪಡಿಸುವುದಷ್ಟೇ ಕೆಲಸವಾದುದು ಇನ್ನೊಂದು. ವೈಟ್‌ಫೀಲ್ಡಿನ ಹಳೆಯ ಬಂಗಲೆಗಳಂತಹ ಮನೆಗಳಲ್ಲಿ ದಪ್ಪ ಗೋಡೆಗಳೇ ಭಾರವಾಹಕಗಳು. ಅಲ್ಲಿ ಒಂದು ಹೊಸ ಬಾಗಿಲು ತೆರೆಯಬೇಕಾದರೂ ಮೊದಲು ಮೇಲಣ ಭಾಗಕ್ಕೆ ಆಸರೆ ಕೊಟ್ಟು, ಲಿಂಟೆಲ್ ತೊಲೆಯನ್ನು ಕೂರಿಸಿ, ಅನಂತರ ಕೆಳಗೆ ಒಡೆಯಬೇಕು. ಕಂಬ ತೊಲೆಗಳ ಚೌಕಟ್ಟಿನ ಮನೆಗಳಲ್ಲಾದರೆ ಭಾರ ಕಂಬಗಳ ಮೂಲಕ ಇಳಿಯುತ್ತದೆ. ನಡುವಣ ಗೋಡೆಗಳು ಬಹುಮಟ್ಟಿಗೆ ತುಂಬುಗೋಡೆಗಳು.

ದಪ್ಪ ಗೋಡೆ ಭಾರ ಹೊರುತ್ತದೆ, ತೆಳು ಗೋಡೆಯನ್ನು ತೆಗೆಯಬಹುದು ಎಂಬುದು ಬಾಯಿಮಾತಿನ ಸೂತ್ರ. ಹೊಸ ಸಮುಚ್ಚಯಗಳಲ್ಲಿ ಈ ಸೂತ್ರ ಅಪಾಯಕಾರಿ. ಅಲ್ಯೂಮಿನಿಯಂ ಅಚ್ಚುಗಳಲ್ಲಿ ಗೋಡೆ, ತಾರಸಿ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಿಂದ ಎರಕ ಹೊಯ್ಯುವ, ಕಟ್ಟಡದವರ ಬಾಯಲ್ಲಿ 'ಮೈವಾನ್' ಎಂದು ಪ್ರಸಿದ್ಧವಾದ ಕ್ರಮದಲ್ಲಿ, ಗೋಡೆ ತೆಳುವಾಗಿದ್ದರೂ ಅದೇ ಕಂಬ. ಅದರಲ್ಲಿ ಕಿಂಡಿ ಕೊರೆಯುವವನು ತನ್ನ ಮನೆಯನ್ನಷ್ಟೇ ಅಲ್ಲ, ಮೇಲಣ ಹತ್ತಾರು ಮನೆಗಳನ್ನೂ ದುರ್ಬಲಗೊಳಿಸುತ್ತಾನೆ. ಯಾವ ಗೋಡೆ ಯಾವುದು ಎಂಬುದನ್ನು ತಟ್ಟಿ ನೋಡಿ ತಿಳಿಯಲಾಗದು. ಕಟ್ಟಡದ ರಚನಾ ನಕ್ಷೆಯನ್ನು ಓದಬಲ್ಲ ಎಂಜಿನಿಯರೇ ಹೇಳಬೇಕು.

ಉಕ್ಕು ಎಲ್ಲಿರಬೇಕು?

ವಿದ್ಯಾರ್ಥಿಗಳಾದ ನೀವು ಒಂದು ಪ್ರಯೋಗ ಮಾಡಿ ನೋಡಬಹುದು. ಉದ್ದನೆಯ ಮೆತ್ತಗಿನ ರಬ್ಬರಿನ ಪಕ್ಕದ ಮೇಲೆ ಸಮಾನ ದೂರದಲ್ಲಿ ನೆಟ್ಟಗಿನ ಗೆರೆಗಳನ್ನು ಎಳೆಯಿರಿ. ಎರಡು ತುದಿಗಳಿಗೂ ಆಧಾರ ಕೊಟ್ಟು ನಡುವೆ ಬೆರಳಿನಿಂದ ಒತ್ತಿ. ಗೆರೆಗಳು ಮೇಲಂಚಿನಲ್ಲಿ ಹತ್ತಿರವಾಗುತ್ತವೆ, ಕೆಳಂಚಿನಲ್ಲಿ ದೂರವಾಗುತ್ತವೆ. ಎಂದರೆ, ಬಾಗಿದ ತೊಲೆಯ ಮೇಲುಭಾಗ ಅದುಮಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕಾಂಕ್ರೀಟಿಗೆ ಅದುಮುವ ಬಲವನ್ನು ತಡೆಯುವ ಶಕ್ತಿ ಹೆಚ್ಚು. ಎಳೆತವನ್ನು ತಡೆಯುವ ಶಕ್ತಿ ಅದರ ಹತ್ತರಲ್ಲೊಂದು ಪಾಲು ಮಾತ್ರ. ಆದುದರಿಂದಲೇ ಎಳೆತವುಂಟಾಗುವ ಕಡೆ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ.

ಈಗ ರಬ್ಬರಿನ ಒಂದು ತುದಿಯನ್ನು ಮೇಜಿನ ಅಂಚಿನಲ್ಲಿ ಅದುಮಿ ಹಿಡಿದು, ಹೊರಚಾಚಿದ ತುದಿಯನ್ನು ಕೆಳಕ್ಕೆ ಒತ್ತಿ. ಎಳೆತ ಈಗ ಮೇಲಂಚಿಗೆ ಬಂದಿತು. ಮನೆಯ ಹೊರಚಾಚಿದ ಬಾಲ್ಕನಿ ಇದೇ ರೀತಿಯದು. ಅದರ ಮುಖ್ಯ ಸರಳುಗಳು ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಸುರಿಯುವಾಗ ಕೆಲಸಗಾರರು ಸರಳುಗಳ ಮೇಲೆ ಓಡಾಡಿ ಅವು ಕೆಳಗಿಳಿದವೆನ್ನಿ. ಬಾಲ್ಕನಿಯ ತಳದಿಂದ 10 ಸೆಂಟಿಮೀಟರು ಎತ್ತರದಲ್ಲಿರಬೇಕಾದ ಸರಳು 7ಕ್ಕೆ ಇಳಿದರೆ, ಅದರ ಬಲ ನೂರಕ್ಕೆ ಮೂವತ್ತರಷ್ಟು ಕುಂದುತ್ತದೆ. ಕಾಂಕ್ರೀಟು ಮುಚ್ಚಿದ ಮೇಲೆ ಈ ದೋಷ ಯಾರಿಗೂ ಕಾಣದು. ಅದನ್ನು ಕಾಣಬೇಕಾದವನು ಕಾಂಕ್ರೀಟು ಬೀಳುವ ಮುಂಚೆ ಅಲ್ಲಿ ನಿಂತಿರಬೇಕು.

ನೀರು ಮತ್ತು ಕಾಲ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಗಟ್ಟಿಯಾಗುವುದು ಸಿಮೆಂಟೂ ನೀರೂ ರಾಸಾಯನಿಕವಾಗಿ ಸಂಯೋಗ ಹೊಂದುವುದರಿಂದ. ಈ ಸಂಯೋಗಕ್ಕೆ ಬೇಕಾದ ನೀರು ಸಿಮೆಂಟಿನ ತೂಕದ ಕಾಲು ಭಾಗದಷ್ಟು ಮಾತ್ರ. ಕಲಸಲು ಅನುಕೂಲವಾಗಲೆಂದು ಇನ್ನಷ್ಟು ಸೇರಿಸುತ್ತಾರೆ. ಹೆಚ್ಚಿನ ನೀರು ಆರಿಹೋದಾಗ ಅದಿದ್ದ ಕಡೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರಿನ ಪ್ರಮಾಣ ಹೆಚ್ಚಿದಂತೆ ಬಲ ಕುಗ್ಗುವ ನಿಯಮವನ್ನು ಅಮೆರಿಕದ ಡಫ್ ಏಬ್ರಾಮ್ಸ್ 1918ರಲ್ಲಿ ಪ್ರಕಟಿಸಿದನು. 50 ಕಿಲೋಗ್ರಾಂ ಸಿಮೆಂಟಿನ ಮೂಟೆಗೆ 25 ಲೀಟರಿನ ಬದಲು 35 ಲೀಟರು ನೀರು ಸುರಿದರೆ ಕೆಲಸ ಸಲೀಸಾಗುತ್ತದೆ. ಬಲದಲ್ಲಿ ಸುಮಾರು ಮೂರನೆಯ ಒಂದು ಪಾಲು ನಷ್ಟವಾಗುತ್ತದೆ.

ಕಾಲವೂ ಅಷ್ಟೇ ಮುಖ್ಯ. ಬೂದಿ ಬೆರೆತ ಇಂದಿನ ಸಿಮೆಂಟಿನಿಂದ ಮಾಡಿದ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. 4.5 ಮೀಟರಿಗಿಂತ ಅಗಲವಾದ ತಾರಸಿಯ ಕೆಳಗಿನ ಆಸರೆಗಳನ್ನು 14 ದಿನಕ್ಕೆ ಮುಂಚೆಯೂ, 6 ಮೀಟರಿಗಿಂತ ಉದ್ದದ ತೊಲೆಯ ಆಸರೆಗಳನ್ನು 21 ದಿನಕ್ಕೆ ಮುಂಚೆಯೂ ತೆಗೆಯಬಾರದೆಂದು ಸಂಹಿತೆಯ ವಿಧಿ; ಬೂದಿ ಬೆರೆತ ಸಿಮೆಂಟಾದರೆ ಇನ್ನೂ ಕೆಲವು ದಿನ ತಾಳುವುದು ಲೇಸು. ಆಸರೆಯ ಸಾಮಾನುಗಳಿಗೆ ದಿನಬಾಡಿಗೆ ತೆರುವ ಗುತ್ತಿಗೆದಾರನಿಗೆ ಅವಸರವಿರುವುದು ಸಹಜ. ರಸಾಯನಕ್ರಿಯೆಗೆ ಆ ಅವಸರವಿಲ್ಲ.

ಗೋಡೆಯೊಳಗಿನ ತಂತಿಯ ವಿಷಯವೂ ಹೀಗೆಯೇ. 2000 ವಾಟಿನ ನೀರುಬಿಸಿ ಯಂತ್ರ 230 ವೋಲ್ಟಿನಲ್ಲಿ 8.7 ಆಂಪೇರು ಸೆಳೆಯುತ್ತದೆ. ಅದೇ ತಂತಿಗೆ ಅಷ್ಟೇ ಸೆಳೆಯುವ ಇನ್ನೊಂದು ಯಂತ್ರವನ್ನು ಜೋಡಿಸಿದರೆ ಪ್ರವಾಹ ಎರಡರಷ್ಟಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ನಾಲ್ಕರಷ್ಟು. ಹಳೆಯ ತಂತಿಯನ್ನು ಹಾಗೆಯೇ ಬಿಟ್ಟು ಹೊಸ ಅಡಿಗೆಮನೆ ಮಾಡಿಸುವುದು ಗೋಡೆಯಲ್ಲಿ ಕೆಂಡವನ್ನು ಹೂಳಿದಂತೆ.

ಎಚ್ಚರಿಕೆ ಮೀರಿದ ಫಲ

ದಕ್ಷಿಣ ಕೊರಿಯದ ಸಿಯೋಲ್ ನಗರದ ಸಾಂಪೂಂಗ್ ಮಳಿಗೆ 1995ರ ಜೂನ್ 29ರಂದು ಕುಸಿದು 502 ಮಂದಿ ಸತ್ತರು. ಮೊದಲು ಯೋಜಿಸಿದುದಕ್ಕಿಂತ ಒಂದು ಅಂತಸ್ತನ್ನು ಹೆಚ್ಚಾಗಿ ಏರಿಸಬೇಕೆಂದು ಮಾಲೀಕನು ಹಟ ಹಿಡಿದಾಗ ಗುತ್ತಿಗೆದಾರರು ಒಪ್ಪಲಿಲ್ಲ. ಅವರನ್ನು ಬಿಡಿಸಿ ತನ್ನದೇ ಸಂಸ್ಥೆಯಿಂದ ಅವನು ಕೆಲಸ ಮಾಡಿಸಿದನು. ಕಂಬಗಳನ್ನೂ ಸಣ್ಣದು ಮಾಡಿಸಿದನು. ತಿಳಿದವರು ಬೇಡವೆಂದಾಗ ಕೇಳಬೇಕೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. ನಮ್ಮ ಬೆಂಗಳೂರಿನಲ್ಲಿಯೂ 1983ರ ಸೆಪ್ಟೆಂಬರಿನಲ್ಲಿ ಕಪಾಲಿ ಚಿತ್ರಮಂದಿರದ ಬಳಿ, ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಬಿದ್ದು ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ, ಅನುಮತಿಯಿದ್ದುದಕ್ಕಿಂತ ಹೆಚ್ಚು ಅಂತಸ್ತುಗಳನ್ನು ಏರಿಸಿದ್ದ ಕಟ್ಟಡ ಮಳೆಗಾಲದ ಒಂದು ಮಧ್ಯಾಹ್ನ ನೆಲಕ್ಕೊರಗಿತು. ಅದರಡಿಯಲ್ಲಿ ಸಿಕ್ಕಿದವರು ಅಲ್ಲಿ ದುಡಿಯುತ್ತಿದ್ದ ಕೂಲಿಕಾರರು.

ಪರವಾನಗಿಯ ಅರ್ಥ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗುತ್ತಿಗೆದಾರರಿಗೆ ಪರವಾನಗಿ ಕೊಡುವ ಮಂಡಲಿಯೊಂದು 1929ರಿಂದಲೂ ಉಂಟು. ನಮ್ಮಲ್ಲಿ ವ್ಯವಸ್ಥೆ ಬೇರೆ. ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆವಾರು ನೋಂದಾಯಿಸುವುದು ಸರ್ಕಾರಿ ಕಾಮಗಾರಿಗಳಿಗಾಗಿ. ಖಾಸಗಿ ಮನೆಯ ಗೋಡೆ ಕಟ್ಟುವ ಮೇಸ್ತ್ರಿಗೆ ಅಂತಹ ಪತ್ರ ಇರುವುದಿಲ್ಲ. ಇದರಿಂದ ಅವನ ಕೈಚಳಕಕ್ಕೆ ಕುಂದಿಲ್ಲ. ಎಷ್ಟೋ ಮೇಸ್ತ್ರಿಗಳ ಕೈಕೆಲಸ ನೋಡಲು ಹಬ್ಬ. ಆದರೆ ಭಾರ, ವಿದ್ಯುತ್ತು, ನೀರು ಎಂಬ ಕಾಣದ ಮೂರು ವಿಷಯಗಳಿಗೆ ಪರವಾನಗಿ ಪಡೆದವರು ನಮ್ಮಲ್ಲಿಯೂ ಇದ್ದಾರೆ. ನಕ್ಷೆ ಬರೆದು, ಮೇಲ್ವಿಚಾರಣೆ ನಡೆಸಲು ನಗರಪಾಲಿಕೆಯಲ್ಲಿ ನೋಂದಾಯಿಸಿಕೊಂಡ ಎಂಜಿನಿಯರು, ವಾಸ್ತುಶಿಲ್ಪಿಗಳು. ತಂತಿಯ ಕೆಲಸಕ್ಕೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರು. ಜಲಮಂಡಲಿಯ ಕೊಳಾಯಿ, ಒಳಚರಂಡಿಗಳ ಜೋಡಣೆಗೆ ಮಂಡಲಿಯ ಪರವಾನಗಿ ಪಡೆದ ಕೆಲಸಗಾರರು.

ಬಣ್ಣ ಬಳಿಯುವುದು, ಗಾರೆ ಸವರುವುದು, ನೆಲಹಾಸು ಬದಲಿಸುವುದು ಮೊದಲಾದ ಸಣ್ಣ ಕೆಲಸಗಳಿಗೆ ನಗರಪಾಲಿಕೆಯ ಅನುಮತಿ ಬೇಡ. ರಚನೆಯನ್ನು ಮಾರ್ಪಡಿಸಲು, ಅಂತಸ್ತು ಏರಿಸಲು ಬೇಕು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಐದು ನಗರಪಾಲಿಕೆಗಳು ಬಂದಿರುವುದರಿಂದ ತನ್ನ ಮನೆ ಯಾರ ವ್ಯಾಪ್ತಿಗೆ ಸೇರಿದೆಯೆಂಬುದನ್ನು ಮನೆಯವರು ಮೊದಲು ತಿಳಿಯತಕ್ಕದ್ದು.

ಅನಂತರದ ಮಾತು ಒಪ್ಪಂದಪತ್ರದ್ದು. ಚದರಕ್ಕೆ, ಎಂದರೆ ನೂರು ಚದರಡಿಗೆ, ಇಷ್ಟು ರೂಪಾಯಿ ಎಂದು ಬಾಯಲ್ಲಿ ಮಾತನಾಡಿ ಮುಗಿಸಬಾರದು. ಕೂಲಿ ಮಾತ್ರವೋ, ಸಾಮಾನೂ ಸೇರಿಯೋ? ಸಿಮೆಂಟು, ಸರಳುಗಳ ಗುಣವೆಂತಹುದು? ಸರಳುಗಳನ್ನು ಪರೀಕ್ಷಿಸುವವರಾರು? ಆಸರೆ ತೆಗೆಯುವುದೆಂದು? ಸ್ನಾನದ ಮನೆಯ ನೆಲದಲ್ಲಿ ನೀರು ನಿಲ್ಲಿಸಿ ಸೋರಿಕೆ ನೋಡುವರೆ? ಇವೆಲ್ಲ ಬರಹದಲ್ಲಿರಬೇಕು. ಹಣವನ್ನು ಮುಂಗಡವಾಗಿ ಸುರಿಯದೆ, ಕೆಲಸದ ಒಂದೊಂದು ಹಂತ ಮುಗಿದಂತೆ ಕೊಡಬೇಕು. ಒಂದು ಪಾಲನ್ನು ಮೊದಲ ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದು ಮೇಲು.

ಪರವಾನಗಿಯ ಕಾಗದವೇ ತೊಲೆಯನ್ನು ಎತ್ತಿ ಹಿಡಿಯುವುದಿಲ್ಲ. ಕಾಗದವಿದ್ದೂ ಸ್ಥಳಕ್ಕೆ ಬಾರದ ಎಂಜಿನಿಯರಿನಿಂದ ಪ್ರಯೋಜನವಿಲ್ಲ. ಆದರೆ ಕಣ್ಣಿಗೆ ಕಾಣದ ಕೆಲಸಕ್ಕೆ ಹೊಣೆಗಾರನಾದ ಒಬ್ಬ ವ್ಯಕ್ತಿಯ ಹೆಸರನ್ನು ಅದು ಸಮಾಜಕ್ಕೆ ತಿಳಿಸುತ್ತದೆ. ನಿಮ್ಮ ಮನೆಯಲ್ಲಿ ಗೋಡೆ ಒಡೆಯುವ ಮಾತು ಬಂದಾಗ ಹಿರಿಯರ ಮುಂದೆ ಒಂದೇ ಪ್ರಶ್ನೆಯನ್ನಿಡಿ: "ಈ ಗೋಡೆಯ ಮೇಲಣ ಭಾರ ಇನ್ನು ಮುಂದೆ ಯಾವ ದಾರಿಯಾಗಿ ಭೂಮಿಗೆ ಇಳಿಯುತ್ತದೆ?" ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ, ಆ ನಕ್ಷೆಗೆ ಸಹಿ ಹಾಕಲು ಸಿದ್ಧನಿರುವವನಿಗೆ ಕೆಲಸ ಒಪ್ಪಿಸಬಹುದು.