ನಿರ್ಬಂಧಗಳಿಗೆ ಎಷ್ಟು ಬಲ?

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ, ಪಾಶ್ಚಾತ್ಯ ದೇಶಗಳು ಅದರ ಕೇಂದ್ರ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಮೀಸಲು ನಿಧಿಯನ್ನು ತಡೆಹಿಡಿದವು. ಯುದ್ಧ ನಿಲ್ಲಲಿಲ್ಲ, 2023ರಲ್ಲಿ ರಷ್ಯಾದ ಆರ್ಥಿಕತೆ ಮತ್ತೆ ಬೆಳೆಯಿತು. ಆದರೂ ನಿರ್ಬಂಧಗಳು ವ್ಯರ್ಥವೆಂದು ನಾನು ಒಪ್ಪಲಾರೆ. ಸರ್ವಾಧಿಕಾರಿಯ ಮನಸ್ಸು ಬದಲಿಸುವುದು ಅವುಗಳಿಂದಾಗದು, ಏಕೆಂದರೆ ಬೆಲೆಯೇರಿಕೆಯ ಸಿಟ್ಟನ್ನು ಮತಪೆಟ್ಟಿಗೆಯಲ್ಲಿ ತೋರಿಸುವ ದಾರಿ ಅಲ್ಲಿನ ಜನರಿಗಿಲ್ಲ. ಯುದ್ಧವನ್ನು ದುಬಾರಿಯಾಗಿಸುವುದು ಮಾತ್ರ ಸಾಧ್ಯ. ಯುದ್ಧವೆಚ್ಚ, ನಿರ್ಬಂಧ ಎರಡರ ಒತ್ತಡದಲ್ಲಿ 2024ರ ಅಕ್ಟೋಬರಿನಲ್ಲಿ ಅಲ್ಲಿನ ಬಡ್ಡಿದರ ಶೇ 21ಕ್ಕೇರಿತು.

ಭಾರತ, ಚೀನಾ ರಷ್ಯಾದ ತೈಲ ಕೊಳ್ಳುತ್ತಿರುವಾಗ ನಿರ್ಬಂಧಗಳಿಂದೇನು ಫಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ತೈಲಕ್ಕೆ ಬ್ಯಾರೆಲಿಗೆ 60 ಡಾಲರ್ ಬೆಲೆಮಿತಿ ಹಾಕಿದವರೂ ತೈಲ ಹರಿಯುತ್ತಿರಲಿ, ಲಾಭ ಕುಗ್ಗಲಿ ಎಂದೇ ಬಯಸಿದ್ದರು; ರಷ್ಯಾ ರಿಯಾಯಿತಿಯಲ್ಲಿ ಮಾರಬೇಕಾಯಿತು. ಆದರೆ ಒಡೆತನ ಮರೆಮಾಚಿ ತೈಲ ಸಾಗಿಸಿದ ಹಳೆಯ ಹಡಗುಗಳು ಆ ಮಿತಿಯನ್ನು ತಪ್ಪಿಸಿಕೊಂಡವು. ಅವುಗಳನ್ನು ತಡೆಯಲು ಮಾಡಿದ ವಿಳಂಬವೇ ನಿಜವಾದ ವೈಫಲ್ಯ, ಅದರ ಬೆಲೆ ತೆತ್ತವರು ಉಕ್ರೇನಿನ ಜನ.